ಅಪ್ಪ ಮನಿಗೂ ಅಳತಿ ತಗೊಂಡ

ಮನಿ ರಿಪೇರಿ ಹಿಡದೋರ ಮನ್ಯಾಗ ನಗಿಚಾಟಿಕಿ ಸಂಗತಿ ಒಂದ ಬಂದು ಸುಮ್ನಾಗಂಗಿಲ್ಲ, ಒಂದರ ಬೆನ್ನಿಗೆ ಇನ್ನೊಂದು ಬರ್ತಾವ. ಅದರಾಗ ಮನಿ ಮಾಡಸೋರು ಟೇಲರ್ ಇದ್ರಂತೂ ಕೇಳಬ್ಯಾಡ್ರಿ.

ನಮ್ಮಪ್ಪ ಟೇಲರ್. ಸಿಂಧನೂರಿನ್ಯಾಗ ನಮ್ಮ ಮನಿ ಪಡಸಾಲ್ಯಾಗನ ಅಂವನ ಮಷಿನ್ ಐತಿ. ಪಡಸಾಲಿ ದಾಟಿದ್ರ ನಡುಮನಿ, ಅದರ ಬಾಜೂಕ ಅಡಗಿಮನಿ, ಹಿಂದ ಹಿತ್ತಲ. ಹಳೇ ಮಣ್ಣಿನ ಮ್ಯಾಳಿಗಿ ಮನಿ. ನಡುಮನಿಗೆ ಒಂದೂ ಕಿಟಕಿ ಇರಲಿಲ್ಲ. ಮ್ಯಾಳಿಗ್ಯಾಗ ಒಂದು ಬೆಳಕಿಂಡಿ ಇತ್ತು, ಅದರಾಗಿಂದ ಬಿಸಲು ಇಳದು ನೆಲದ ಮ್ಯಾಲ ಊಟದ ತಾಟಿನಷ್ಟು ಬೆಳಕು ಬೀಳ್ತಿತ್ತು. ನಾ ಓದ್ತಿದ್ದದ್ದು ಆ ತಾಟಿನ್ಯಾಗ. ಬಿಸಲು ಸರದಂಗ ಪುಸ್ತಕ ಹಿಡ್ಕೊಂಡು ನಾನೂ ಸರೀತಿದ್ದೆ. ಮುಂಜಾನೆ ಜ್ವಾಳದ ಚೀಲದ ಹತ್ರ ಶುರು ಮಾಡಿದ ಕತಿ ಹೊತ್ತು ಇಳಿಯೋದ್ರಾಗ ಅಜ್ಜಿ ಹೊರಸಿನ ಕೆಳಗ ಬಂದು ಮುಟ್ಟತಿತ್ತು. ಅಜ್ಜಿ ಅಂದ್ರ ಅಪ್ಪನ ಅವ್ವ. ಆಕಿ ಹೊರಸಿನ ಮ್ಯಾಲ ಕುಂತು, ಕೆಳಗ ಇರೋದು ಇಲಿನೋ ಮೊಮ್ಮಗಳೋ ಅಂತ ಕೋಲಿಲೆ ತಿವದು ನೋಡ್ತಿದ್ಲು. ಚೀರಿದ್ರ ಮೊಮ್ಮಗಳು.

ಹೋದ ಬ್ಯಾಸಗ್ಯಾಗ ಅಪ್ಪ ಊಟಕ್ಕ ಕುಂತಾಗ ಹೇಳೇಬಿಟ್ಟ: "ಮ್ಯಾಳಿಗಿ ತಗಸ್ತೀನಿ. ಸ್ಲ್ಯಾಬ್ ಹಾಕಸ್ತೀನಿ. ನಡುಮನಿ ಹಿತ್ತಲ ಕಡಿ ಒಂದಿಷ್ಟು ಹಿಗ್ಗಸ್ತೀನಿ." ಅವ್ವನ ರೊಟ್ಟಿ ಹಂಚಿನ ಮ್ಯಾಲನ ಕರ್ರಗಾತು, ಯಾರೂ ನೋಡಲಿಲ್ಲ. ನಂಗ ಆ ರಾತ್ರಿ ನಿದ್ದಿ ಬರಲಿಲ್ಲ. ಮಣ್ಣು ಉದರಂಗಿಲ್ಲ, ಮಳಿ ಬಂದ್ರ ಸೋರೋ ಕಡಿ ಗುಂಡಾಲ ಇಡಂಗಿಲ್ಲ, ನಮ್ಮನಿನೂ ಆಂಧ್ರದಿಂದ ಬಂದು ನೆಲಸಿದ ಕ್ಯಾಂಪಿನೋರ ಮನಿಗತೆ ಬೆಳ್ಳಗ ಆಗತೈತಿ ಅಂತ ಹಿಗ್ಗಿ ಹಿಗ್ಗಿ ಮಗ್ಗಲ ಬದಲ ಮಾಡಿದೆ. ಬೆಳಗಾಗೋ ಹೊತ್ತಿಗೆ ಇನ್ನೊಂದು ಹೊಳೀತು. ಸ್ಲ್ಯಾಬಿಗೆ ಯಾರೂ ಬೆಳಕಿಂಡಿ ಬಿಡಂಗಿಲ್ಲ. ತಾಟಿನಷ್ಟು ಬೆಳಕೂ ಹೋತು. ಹಂಗಾದ್ರ ನಡುಮನಿಗೆ ಒಂದು ಕಿಟಕಿ ಬೇಕೇ ಬೇಕು. ಅದನ್ನ ಅಪ್ಪಗ ಹೇಳಬೇಕು. ಹೇಳಬೇಕಂದ್ರ ಬಾಯಿ ತಗೀಬೇಕು. ಅಲ್ಲೇ ಇತ್ತು ನೋಡ್ರಿ ನನ್ನ ಕಷ್ಟ.

ಅರ್ಧಾ ಮನಿ

ಮುದಗಲ್ಲಿನಿಂದ ಗೌಂಡಿ ಚಾಚಾ ಬಂದ. ಸುತ್ತಮುತ್ತ ಸ್ಲ್ಯಾಬ್ ಕೆಲಸಕ್ಕ ಅಂವನ ಹೆಸರು. ಅಪ್ಪ ಆತಗ ಪ್ಲ್ಯಾನ್ ತೋರಸಾಕ ವಾರಗಟ್ಲೆ ತಯಾರಿ ಮಾಡಿದ್ದ. ಹಳೇ ಪೇಪರ್ ಅಂಟಿಸಿ, ಮಡಚಿ, ಚಾಕ್‌ಪೀಸಿಲೆ ಗೆರಿ ಎಳದು, ಕತ್ತರಿಲೆ ಕತ್ತರಿಸಿ ಮನಿ ಮಾಡಿದ್ದ. ಅದನ್ನ ಚಾಪಿ ಮ್ಯಾಲ ಹಾಸಿ, ಅಂಗಿ ಇಸ್ತ್ರಿ ಮಾಡಿದಂಗ ಕೈಲೆ ಸವರಿದ.

ಚಾಚಾ ಒಂದು ಸುತ್ತು ತಿರಗಿ ನೋಡಿದ. "ಟೇಲರ್ ಸಾಬ್, ಇದು ಅರ್ಧಾ ಮನಿ ಐತಲ್ರಿ."

"ಹೌದು, ಬಲಕಿಂದು."

"ಎಡಕಿಂದು?"

"ಅದನ್ನ ಯಾಕ ಗೀಚಬೇಕು ಚಾಚಾ? ಅಂಗಿ ಬೆನ್ನ ಕತ್ತರಸಬೇಕಾದ್ರ ಬಟ್ಟಿ ಮಡಚಿ ಅರ್ಧಾನ ಗೆರಿ ಹಾಕ್ತೀವಿ. ಬಿಚ್ಚಿದ್ರ ಪೂರ್ತಿ ಬರ್ತೈತಿ."

"ಕಿಟಕಿ ಎಲ್ಲದಾವ?"

ನಾ ಬಾಗಲ ಸಂದ್ಯಾಗ ನಿಂತು ಕಿವಿ ಹಚ್ಚಿದೆ.

"ಕಿಟಕಿ ಅಂದ್ರ ಗುಂಡಿ ಇದ್ದಂಗ," ಅಂದ ಅಪ್ಪ. "ಎಲ್ಲಾ ಹೊಲದಮ್ಯಾಲ ಕಡೀಕ ಹಚ್ಚಿದ್ರಾತು."

ನನ್ನ ಕಿಟಕಿ ಹೋತು ಅಂದ್ಕೊಂಡೆ. ಯಾಕಂದ್ರ ಅಪ್ಪ ಗುಂಡಿ ಹಚ್ಚೋದು ಮರತು ಅಂಗಿ ಕೊಟ್ಟು ಕಳಸೋದು ಇಡೀ ಸಿಂಧನೂರಿಗೆ ಗೊತ್ತು. ತುರ್ವಿಹಾಳದಿಂದ ಬರೋ ಒಬ್ಬ ಗಿರಾಕಿ ಅಂತೂ ಅಂಗಿ ಕೂಡ ಪಿನ್ನೂ ಕೇಳಿ ಇಸ್ಕೊಂಡು ಹೋಗ್ತಾನ.

ಚಾಚಾ ಪೇಪರಿನ ಮಡಿಕಿ ನಿಧಾನಕ್ಕ ಬಿಚ್ಚಿದ. ಅಪ್ಪ ಹೇಳಿದ್ದು ಖರೇನ, ಪೂರ್ತಿ ಬಂತು. ಬಲಕ್ಕೊಂದು ಅಡಗಿಮನಿ, ಎಡಕ್ಕೊಂದು ಅಡಗಿಮನಿ. ಈ ಕಡಿ ದೇವರ ಜಗಲಿ, ಆ ಕಡಿ ದೇವರ ಜಗಲಿ. ಎರಡು ಬಚ್ಚಲ. ಎರಡು ಒಲಿ.

ಅಷ್ಟೊತ್ತಿಗೆ ಅವ್ವ ಚಹಾ ತಂದ್ಲು. ಬಸಿ ಕೆಳಗ ಇಡದಾ ನಿಂತು ನೋಡಿದ್ಲು. "ಎರಡು ಅಡಗಿಮನಿ ಯಾಕ್ರಿ?"

ಅಪ್ಪ ಪೇಪರ್ ಮತ್ತ ಮಡಚಾಕ ಹೋದ.

"ಹೇಳ್ರಿ. ಆಕಿ ಯಾವೂರಾಕಿ?"

ಚಾಚಾ ಸುಡಸುಡೋ ಚಹಾ ಒಂದ ಗುಟಕಿಗೆ ಕುಡದು ಎದ್ದುಬಿಟ್ಟ. "ಭಾಬಿ, ನಾ ಮುದಗಲ್ಲಿಗೆ ಹೋಗಿ ಬರ್ತೀನಿ. ಒಂದು ಮನಿ ಕಟ್ಟೋದೋ ಎರಡೋ, ನೀವಿಬ್ರೂ ಕುಂತು ಫೈಸಲಾ ಮಾಡಿ ಹೇಳಿ ಕಳಸ್ರಿ."

ಅಜ್ಜಿ ತೋಳು

ಒಂದ ಮನಿ ಅಂತ ಫೈಸಲಾ ಆತು. ಆಮ್ಯಾಲ ಅಜ್ಜಿ ಹಟ ಹಿಡದ್ಲು, ಆಯ ನೋಡಸದಾ ಗೋಡಿ ಮುಟ್ಟಬಾರದು ಅಂತ. ಆಯ ಅಂದ್ರ ಒಂದು ಲೆಕ್ಕ. ಒಳಗಿನ ಉದ್ದ ಅಗಲ ಗುಣಿಸಿ, ಭಾಗಿಸಿ, ಉಳದ ಅಂಕಿ ನೋಡಿ ಅಯ್ಯನೋರು ಹೇಳ್ತಾರ. ಆನಿ ಆಯ, ಸಿಂಹದ ಆಯ ಬಂದ್ರ ಛಲೋ. ನಾಯಿ ಆಯ, ಕಾಗಿ ಆಯ ಬಂದ್ರ ಗೋಡಿ ಸರಿಸಬೇಕು. ಅದನ್ನ ಫೂಟಿಲೆ ಅಳಿಯಂಗಿಲ್ಲ. ಮನಿ ಯಾರ ಹೆಸರಿಗೆ ಐತೋ ಅವರ ಮೊಳದಿಂದ ಅಳೀಬೇಕು, ಮೊಣಕೈಯಿಂದ ನಡುಬೆರಳಿನ ತನಕ.

ಮನಿ ಅಜ್ಜಿ ಹೆಸರಿಗೆ ಐತಿ. ಅಯ್ಯನೋರು ಹೇಳಿದ್ರು, "ತಾಯೀ, ಕೈ ಚಾಚ್ರಿ. ಅದರಷ್ಟು ಒಂದು ಕೋಲು ಕಡಿಯೋಣು."

ಅಜ್ಜಿ ಕೈ ಚಾಚಿದ್ಲು. ಅಯ್ಯನೋರು ದಾರ ಹುಡುಕೋದ್ರಾಗ ಅಪ್ಪ ಕೊಳ್ಳಾಗಿನ ಟೇಪ್ ತಗದು ಅಳತಿ ತಗೊಂಡೇ ಬಿಟ್ಟ. ಅಂವಗ ಯಾರರ ಕೈ ಚಾಚಿದ್ರ ತಡಕೊಳ್ಳಾಕ ಆಗಂಗಿಲ್ಲ. ಕೋಲು ಕಡದು ತಂದ. ಅಯ್ಯನೋರು ಆ ಕೋಲಿಲೆ ಲೆಕ್ಕ ಹಾಕಿ, ಇಷ್ಟು ಕೋಲು ಉದ್ದ ಇಷ್ಟು ಕೋಲು ಅಗಲ ಇಟ್ರ ಆನಿ ಆಯ ಬರ್ತೈತಿ ಅಂದ್ರು. ಅಜ್ಜಿ ಖುಷಿಗೆ ಎಲ್ಲರ ಬಾಯಾಗೂ ಬೆಲ್ಲ ಹಾಕಿದ್ಲು.

ಹಿತ್ತಲದಾಗ ಗೂಟ ಹೊಡದು ದಾರ ಎಳಿಯಾಕ ನಿಂತ್ವಿ. ನಾ ದಾರದ ಉಂಡಿ ಹಿಡ್ಕೊಂಡಿದ್ದೆ, ಅಪ್ಪ ಕೋಲು ಹಾಕ್ಕೋತ ಹೊಂಟ. ಕೋಲು ಹಾಕಿದ, ಹಾಕಿದ. ಹಿತ್ತಲ ಮುಗೀತು, ಕೋಲು ಮುಗೀಲಿಲ್ಲ. ಲೆಕ್ಕ ಅಂದ್ರ ಲೆಕ್ಕ ಅಂತ ಅಪ್ಪ ಹಿಂದಿನ ಮನೆಯೋರ ಬೇಲಿ ಸಂದ್ಯಾಗ ಕೈ ತೂರಿಸಿ ಕಡೀ ಗೂಟ ಊರಿದ. ಬೇಲಿ ಆಚೆಕ ಅವರ ಬಚ್ಚಲ. ತಟ್ಟಿ ಕಟ್ಟಿದ ಬಚ್ಚಲ.

ತಟ್ಟಿ ಒಳಗ ನೀರು ಸುರಕೊಳ್ಳೋ ಸಪ್ಪಳ ನಿಂತು ಹೋತು.

"ಟೇಲರಣ್ಣಾ," ಅಂತ ಒಳಗಿಂದ ಹಿಂದಿನ ಮನಿ ಅಕ್ಕನ ದನಿ ಬಂತು, "ದಾರ ನನ್ನ ಕಾಲಾಗ ಬಂದೈತಿ. ನಾ ನಿಮ್ಮ ನಡುಮನ್ಯಾಗ ಜಳಕ ಮಾಡಾಕತ್ತೀನಿ ಅಂತ ಕಾಣತೈತಿ. ಇನ್ನೆರಡು ತಂಬಿಗಿ ಬಿಸಿನೀರು ಕಳಸ್ರಿ ಹಂಗಾದ್ರ."

ಅಪ್ಪ ದಾರ ಬಿಟ್ಟು ಓಡಿ ಬಂದ. ಅಜ್ಜಿ ತನ್ನ ಕೈ ಕೋಲಿಗೆ ಹಚ್ಚಿ ನೋಡಿದ್ಲು. ಕೋಲು ಉದ್ದ ಇತ್ತು, ಕೈ ಗಿಡ್ಡ ಇತ್ತು. "ಏನೋ ಇದು? ಇದು ಯಾರ ಕೈ?"

ಅಪ್ಪ ತಲಿ ಕೆರಕೊಂಡು ಹೇಳಿದ, "ನಿಂದ ಬೇ ಯವ್ವಾ. ನಾ ಒಂದು ಇಂಚು ಸಡಿಲ ಬಿಟ್ಟೀನಿ ಅಷ್ಟ. ಒಗದಮ್ಯಾಲ ಕುಗ್ಗತೈತಲ್ಲ."

ಮಸ್ಕಿ ಬಾಗಲ

ಮಸ್ಕ್ಯಾಗ ಯಾರೋ ಹಳೇ ಮನಿ ಕೆಡವ್ಯಾರ, ಸಾಗವಾನಿ ಚೌಕಟ್ಟು ಐತಿ ಅಂತ ಸುದ್ದಿ ಬಂತು. ಅಪ್ಪ ನನ್ನೂ ಕರಕೊಂಡು ಹೊಂಟ. ಬಸ್ಸಿನ್ಯಾಗ ಇಬ್ರ ಕುಂತಿರ್ತೀವಿ, ಆವಾಗ ಕಿಟಕಿ ಮಾತು ತಗದೇಬಿಡಬೇಕು ಅಂತ ನಾ ದಾರಿ ತುಂಬ ಮನಸಿನ್ಯಾಗ ಮಾತು ಜೋಡಸಿದೆ. "ಅಪ್ಪಾ, ನಡುಮನಿಗೆ" ಅನ್ನೋತನ ಬಂದಿತ್ತು, ಮಸ್ಕಿನೂ ಬಂದುಬಿಡ್ತು.

ಚೌಕಟ್ಟು ಮಾತ್ರ ಭಾರೀ ಚಂದ. ಮ್ಯಾಲ ಗಿಳಿ ಕೆತ್ತ್ಯಾರ, ಕೆಳಗ ಹೊಸ್ತಿಲಿಗೆ ಯಾರ ಯಾರೋ ಹಚ್ಚಿದ ಅರಿಷಿಣ ಕುಂಕುಮ ಹಂಗೇ ಕುಂತಾವ. ಅಪ್ಪ ಅದನ್ನ ಅಪ್ಪಿಕೊಂಡಂಗ ಅಳತಿ ತಗೊಂಡ. ಇಬ್ರು ಆಳು ಹೊತ್ತು ತಂದು ಬಸ್ ಸ್ಟ್ಯಾಂಡಿನ್ಯಾಗ ಬೇವಿನ ಗಿಡದ ಬುಡಕ್ಕ, ಹಗ್ಗಾ ಕಟ್ಟಿ ನೆಟ್ಟಗ ನಿಲ್ಲಿಸಿ ಹೋದ್ರು. ಸಿಂಧನೂರು ಬಸ್ಸಿಗೆ ಇನ್ನೂ ಹೊತ್ತಿತ್ತು. ಈ ಕಡಿ ನಾವು ಕುಂತ್ವಿ. ಆ ಕಡಿ ಇಡೀ ಬಸ್ ಸ್ಟ್ಯಾಂಡು.

ಸುತ್ತ ಬಯಲು. ಎಲ್ಲಿಂದ ಬೇಕಾದ್ರೂ ಬರಬಹುದು. ಆದ್ರ ಬಾಗಲ ನಿಂತೈತಿ ಅಂದ್ರ ಜನಕ್ಕ ಅದರಾಗಿಂದನ ಬರಬೇಕು ಅನಸತೈತಿ ನೋಡ್ರಿ. ನೆರಳಿಗೆ ಬರೋ ಒಬ್ಬೊಬ್ಬರೂ ಗಿಡ ಸುತ್ತು ಹಾಕಿ ಬಂದು, ಚೌಕಟ್ಟಿನ್ಯಾಗ ತಲಿ ತಗ್ಗಿಸಿ, ಹೊಸ್ತಿಲ ತುಳೀದಂಗ ದಾಟಿ ಒಳಗ ಬಂದ್ರು. ಒಬ್ಬಾಕಿ ಮುದುಕಿ ಹೊಸ್ತಿಲ ಮುಟ್ಟಿ ಕಣ್ಣಿಗೆ ಹಚ್ಚಿಕೊಂಡ್ಲು. ಅದನ್ನ ನೋಡಿ ಆಕಿ ಹಿಂದಿನೋರೂ ಹಚ್ಚಿಕೊಂಡ್ರು. ಯಾರೋ ಎರಡು ಕಣಗಿಲ ಹೂವು ಇಟ್ರು.

ಕೊನಿಗೆ ಒಬ್ಬ ಹಿರೇ ಮನಷ್ಯ ಬಂದ. ತಲಿಗೆ ದೊಡ್ಡ ರುಮಾಲು. ಹೊಸ್ತಿಲ ಮುಂದ ನಿಂತು, ಜೋಡು ಬಿಟ್ಟು, ಚೌಕಟ್ಟಿನ ಕಟ್ಟಿಗಿ ಮ್ಯಾಲ ಬೆರಳಿಲೆ ಬಡದ. "ಯಾರದಾರ್ರೀ ಒಳಗ?"

ಗಾಳಿಯಾಗ ಕುಂತ ನಮ್ಮಪ್ಪ ಎದ್ದು ನಿಂತು, ಧೋತ್ರ ಸರಿ ಮಾಡ್ಕೊಂಡು ಅಂದ, "ಬರ್ರಿ ಬರ್ರಿ, ಒಳಗ ಬರ್ರಿ. ಲೇ ಕೂಸ, ಅಜ್ಜಾರಿಗೆ ನೀರು ಕೊಡು."

ಬಸ್ ಬಂದಾಗ ಚೌಕಟ್ಟು ಎತ್ತಾಕ ಹೋದ್ರ ಅದ ಅಜ್ಜ ಬಿಡವಲ್ಲ. ಬಾಗಲ ಕಿತ್ತುಕೊಂಡು ಹೋದ್ರ ಮನಿ ಬರೇ ಬಯಲಾಗತೈತಿ ಅಂತ ಅಪ್ಪಗ ಬುದ್ಧಿ ಹೇಳಿದ.

ಶೋಕೇಸ್

ಹಿಗ್ಗಸೋ ನಡುಮನಿಗೆ ನಾಕು ಗೋಡಿ. ಒಂದು ಪಕ್ಕದ ಮನೆಯೋರ ಕೂಡ ಜಂಟಿ ಗೋಡಿ, ಅದನ್ನ ಮುಟ್ಟಂಗಿಲ್ಲ. ಇನ್ನೊಂದರ ಹಿಂದ ಅಡಗಿಮನಿ. ಮೂರನೇದರ ಹಿಂದ ಪಡಸಾಲಿ, ಅದಕ್ಕ ಮಸ್ಕಿ ಬಾಗಲ. ಉಳದದ್ದು ಹಿತ್ತಲ ಕಡಿ ಗೋಡಿ ಒಂದ. ಆಕಾಶ ಇರೋದು ಆ ಗೋಡಿ ಹಿಂದ ಮಾತ್ರ. ಕಿಟಕಿ ಬಂದ್ರ ಅಲ್ಲೇ ಬರಬೇಕು. ನಾ ದಿನಾ ಹೋಗಿ ಆ ಜಾಗಾದಾಗ ನಿಂತು ಬರ್ತಿದ್ದೆ. ಇಲ್ಲಿ ಕಟ್ಟಿ, ಇಲ್ಲಿ ಕಾಲು ಚಾಚೋದು, ಇಲ್ಲಿ ಪುಸ್ತಕ, ಅಂತ ಎಲ್ಲಾ ಲೆಕ್ಕ ಆಗಿತ್ತು. ಹೇಳೋದೊಂದು ಬಾಕಿ.

ಅಷ್ಟರಾಗ ಲಿಂಗಸೂರಿನಿಂದ ಮಾವ ಬಂದ. ಮಾವ ಅಂದ್ರ ಅವ್ವನ ತಮ್ಮ. ಗೊಬ್ಬರದ ಅಂಗಡ್ಯಾಗ ಕೆಲಸ ಮಾಡ್ತಾನ. ಅಂವಗ ಹೆಣ್ಣು ನೋಡಾಕತ್ತಿದ್ವಿ. ಮಾವ ನಡುಮನ್ಯಾಗ ನಿಂತು, ನಡದ ಮ್ಯಾಲ ಕೈ ಇಟ್ಟು, ಹಿತ್ತಲ ಗೋಡಿಗೆ ಬೆರಳು ತೋರಸಿದ.

"ಭಾವ, ಇಲ್ಲಿ ಶೋಕೇಸ್."

"ಹೌದಲ್ಲ," ಅಂದ ಅಪ್ಪ.

"ನೆಲದಿಂದ ಸ್ಲ್ಯಾಬಿನ ತನಕ. ಪೂರ್ತಿ ಗೋಡಿ. ಗಾಜಿನ ಬಾಗಲ. ಲಿಂಗಸೂರಾಗ ಈಗ ಶೋಕೇಸ್ ಇಲ್ಲದ ಮನಿಗೆ ಯಾರೂ ಹೆಣ್ಣು ಕೊಡವಲ್ರು."

"ಹೆಣ್ಣು ನೋಡೋದು ನಿಂಗ," ಅಂದ್ಲು ಅವ್ವ. "ಶೋಕೇಸ್ ನಮ್ಮನ್ಯಾಗ ಯಾಕೋ?"

"ಅಕ್ಕನ ಮನಿ ಹ್ಯಾಂಗೈತಿ ಅಂತ ನೋಡಾಕ ಬರಂಗಿಲ್ಲೇನು ಅವರು?"

ಅವ್ವಗ ಅದು ಖರೇ ಅನಸ್ತು. ಆದ್ರೂ ಕೇಳಿದ್ಲು, "ಅದರಾಗ ಇಡೋದು ಏನು?"

"ಸಾಮಾನು ಇದ್ದೋರು ಶೋಕೇಸ್ ಮಾಡಸಂಗಿಲ್ಲ ಅಕ್ಕ. ಮೊದಲ ಶೋಕೇಸ್ ಮಾಡಸಬೇಕು, ಸಾಮಾನು ತಾನಾ ಬರ್ತಾವ."

ಮನ್ಯಾಗ ತೋರಸೋವಂತಾದ್ದು ಏನೇನು ಐತಿ ಅಂತ ಎಲ್ಲಾರೂ ಹುಡುಕಿದ್ರು. ಎರಡು ಗಾಜಿನ ಲೋಟ, ಅದರಾಗ ಒಂದು ಸೀಳಿದ್ದು. ಅವ್ವನ ಮದುವಿಗೆ ಬಂದ ಪ್ಲಾಸ್ಟಿಕ್ ನವಿಲು. ಅಪ್ಪನ ಹಳೇ ಕತ್ತರಿ. ಗೋಡಿ ದೊಡ್ಡದು, ಸಾಮಾನು ಮೂರು. ಮಾವ ಭಾಳ ಹೊತ್ತು ವಿಚಾರ ಮಾಡಿ, ಹೊರಸಿನ ಮ್ಯಾಲ ಕುಂತಿದ್ದ ಅಜ್ಜಿನ್ನ ನೋಡಿದ.

ಅಜ್ಜಿ ಕೋಲು ಎತ್ತಿದ್ಲು. "ನನ್ನ ಗಾಜಿನ್ಯಾಗ ಇಟ್ಟೀಯೋ ನೋಡು ಮಗನ."

ಟ್ರಯಲ್

ಒಂದ ಮನಿ ಅಂತಾತು, ಹೊಸ ಕೋಲು ಕಡದಮ್ಯಾಲ ಆಯ ಕೂಡಿ ಬಂತು, ಬಾಗಲ ಬಂತು. ನಾಳಿ ಸೋಮವಾರ ಚಾಚಾ ಬುನಾದಿ ತೋಡಾಕ ಬರಬೇಕು. ಟ್ರಯಲ್ ನೋಡದಾ ಯಾವ ಬಟ್ಟಿನೂ ಅಪ್ಪ ಕೊಟ್ಟಾಂವ ಅಲ್ಲ. ಮನಿ ಹ್ಯಾಂಗ ಹಂಗ ಕಟ್ಟಸ್ತಾನ?

ರವಿವಾರ ಮುಂಜಾನೆ ನಮ್ಮ ಓಣಿ ಪಕ್ಕದ ಬಯಲಾಗ ಅಪ್ಪ ಮನಿ ಕಟ್ಟಿದ. ಗಳ ನೆಟ್ಟು, ಹಗ್ಗ ಬಿಗದು, ಗೋಡಿಗೆ ಹೊಚ್ಚಿಕೊಳ್ಳೋ ಕೌದಿ ಇಳಿಬಿಟ್ಟ. ಸ್ಲ್ಯಾಬಿಗೆ ಭತ್ತದ ಅಂಗಡಿಯೋರ ತಾಡಪತ್ರಿ ತಂದು ಹೊಚ್ಚಿದ. ಮಸ್ಕಿ ಚೌಕಟ್ಟು ನಿಲ್ಲಿಸಿದ. ನಡುಮನಿ ಹಿತ್ತಲ ಗೋಡಿಗೆ ಕೌದಿ ಕಡಿಮಿ ಬಿತ್ತು. ಮಾವ ತನ್ನ ಸಫಾರಿ ಬಟ್ಟಿ ತಂದಿದ್ದ, ಗುರುವಾರ ಮಸ್ಕ್ಯಾಗ ಹೆಣ್ಣು ನೋಡಾಕ ಹೋಗೋದಿತ್ತು, ಅದರೊಳಗ ಹೊಲದು ಕೊಡು ಅಂತ. ಸಾಗವಾನಿ ಬಣ್ಣದ್ದು, ಬಳ್ಳಾರಿ ಕಟ್ ಪೀಸು. ಅದನ್ನ ಬಿಚ್ಚಿ ತಾನಾ ಆ ಗೋಡಿಗೆ ಕಟ್ಟಿದ. "ಶೋಕೇಸ್ ಬಂದ್ರ ಹಿಂಗ ಕಾಣತೈತಿ ನೋಡ್ರಿ," ಅಂದ.

ಸಂಜೀತನ ಎಲ್ಲಾರೂ ಅದರಾಗ ಇರಬೇಕು ಅಂತ ಅಪ್ಪನ ಆರ್ಡರ್. ನಾವು ಬಟ್ಟಿ ಮನ್ಯಾಗ ಸಂಸಾರ ಹೂಡಿದ್ವಿ. ಏನು ಮಜಾ ಅಂತೀರಿ. ಅವ್ವ ಬಟ್ಟಿ ಅಡಗಿಮನಿ ಆಚೆ ಮೂರು ಕಲ್ಲಿಟ್ಟು ಅನ್ನ ಬೇಯಸಿದ್ಲು. ಅಜ್ಜಿ ಹೊರಸು ಬಂತು. ತುರ್ವಿಹಾಳದ ಗಿರಾಕಿ ಅಂಗಿ ಕೇಳಾಕ ಬಂದು, ಕೌದಿ ಎತ್ತಿ ಸೀದಾ ನಡುಮನಿಗೆ ಕಾಲಿಟ್ಟ. ಅಜ್ಜಿ ಬೈದ್ಲು, "ಬಾಗಲ ಇಲ್ಲೇನು ನಮ್ಮನಿಗೆ? ಗೋಡಿ ಒಡದು ಬಂದ್ಯಲ್ಲೋ." ಪಾಪ ಅಂವ ಹೊರಗ ಹೋಗಿ, ಸುತ್ತು ಹಾಕಿ, ಜೋಡು ಬಿಟ್ಟು ಬಾಗಲದಿಂದ ಬಂದ.

ಮಧ್ಯಾನ ಎಲ್ಲಾರೂ ಉಣ್ಣಾಕ ಕುಂತ್ವಿ. ಸುತ್ತ ಕೌದಿ, ಮ್ಯಾಲ ತಾಡಪತ್ರಿ. ಕಗ್ಗತ್ತಲಿ. ಮಾವನ ಕೈ ಗಿರಾಕಿ ತಾಟಿನ್ಯಾಗ ಹೋತು. ಅಜ್ಜಿ ಹಗಲೊತ್ತಿನ್ಯಾಗ ಕಂದೀಲ ಹಚ್ಚು ಅಂದ್ಲು.

ಅಪ್ಪ ನಡುವ ನಿಂತು ಕೇಳಿದ, "ಹ್ಯಾಂಗೈತಿ ಫಿಟ್ಟಿಂಗು? ಯಾರಿಗರ ಎಲ್ಲೆರ ಬಿಗಿ ಆಗಾಕತ್ತೈತೇನು? ಈಗ ಹೇಳ್ರಿ. ನಾಳಿ ಚಾಚಾ ಬಂದಮ್ಯಾಲ ಹೇಳಿದ್ರ ನಡಿಯಂಗಿಲ್ಲ."

ಅವ್ವ ಒಲಿ ಸರಿಸು ಅಂದ್ಲು. ಅಜ್ಜಿ ಹೊರಸಿಗೆ ಜಾಗಾ ಸಾಲವಲ್ದು ಅಂದ್ಲು. ಗಿರಾಕಿನೂ ಬಚ್ಚಲ ದೂರ ಆತು ಅಂತ ಹೇಳಿದ. ಅಪ್ಪ ನನ್ನ ಕಡಿ ತಿರಗಿದ. "ನಿಂಗೇನಬೇ?"

ನಾಳಿ ಅಂದ್ರ ಮುಗದು ಹೋತು. ನಾ ಬಾಯಿ ತಗದೆ. ಬರೀ ಗಾಳಿ ಬಂತು. ಎಲ್ಲಾರೂ ನನ್ನ ಮಾತಿಗೆ ಕಾಯಾಕತ್ತಿದ್ರು. ಕೌದಿ ಕಟ್ಟೋ ಹಗ್ಗ ಕಡದ ಕತ್ತರಿ ಕೈಗೆ ತಾಕ್ತು. ಅಪ್ಪನ ಕತ್ತರಿ ನಮ್ಮನ್ಯಾಗ ಯಾರೂ ಮುಟ್ಟಂಗಿಲ್ಲ, ಅವ್ವನೂ ಮುಟ್ಟಂಗಿಲ್ಲ. ನಾ ಎದ್ದು ಕತ್ತರಿ ತಗೊಂಡೆ, ಹಿತ್ತಲ ಗೋಡಿಗೆ ಹೋದೆ, ನನ್ನ ಎದಿ ಮಟ್ಟಕ್ಕ ಸರಕ್ ಸರಕ್ ಅಂತ ಚೌಕಾಗಿ ಕತ್ತರಿಸಿದೆ. ಬಟ್ಟಿ ತುಂಡು ಕೆಳಗ ಬಿತ್ತು. ಬೆಳಕು ಭರ್ ಅಂತ ಒಳಗ ಬಂತು. ಎಲ್ಲಾರ ತಾಟಿನ್ಯಾಗಿನ ಅನ್ನ ಕಂಡ್ತು.

"ಇಲ್ಲಿ ಕಿಟಕಿ ಬೇಕು," ಅಂದೆ. ದನಿ ನಂದ ಅಂತ ನನಗ ನಂಬಿಕಿ ಆಗಲಿಲ್ಲ.

ಅಪ್ಪ ಹತ್ರ ಬಂದು ಬೈತಾನ ಅಂತ ನಾ ಕಣ್ಣು ಮುಚ್ಚಿದೆ. ತಗದ್ರ ಅಂವ ತೂತಿನ ಅಂಚಿಗೆ ಬೆರಳು ಆಡಸಿ ನೋಡಾಕತ್ತಿದ್ದ. "ಮೂಲಿ ನೆಟ್ಟಗ ಬಂದಾವಲ್ಲ," ಅಂದ. "ಚಾಕಿಲೆ ಗೆರಿ ಸುದ್ದಾ ಹಾಕಿಲ್ಲ ಇಕಿ."

ಮಾವ ಮಾತ್ರ ತಾಟು ಬಿಟ್ಟು ಎದ್ದು ನಿಂತಿದ್ದ. ಕೈಯಾಗ ಅನ್ನ, ಕಣ್ಣಾಗ ನೀರು. "ಭಾವ, ಅದು ಗೋಡಿ ಅಲ್ಲ. ಅದು ನನ್ನ ಸಫಾರಿ."

ಬೆನ್ನು

ಮಾವ ಭಾಳ ಸಿಟ್ಟಾದ. ನನ್ನ ಮ್ಯಾಲ ಕೂಗಾಡಲಿಲ್ಲ, ಅದ ಇನ್ನೂ ಕಷ್ಟ ಆತು. ಗುರುವಾರದ ಕೆಲಸ ಕೆಟ್ರ ಈ ಮನಿಗೆ ಕಾಲಿಡಂಗಿಲ್ಲ, ಶೋಕೇಸ್ ಆಗದಿದ್ರಂತೂ ಇಡಂಗೇ ಇಲ್ಲ ಅಂದ. ಅವ್ವ ಕಣ್ಣೀರು ಹಾಕಿದ್ಲು. ಅಪ್ಪ ಚಾಚಾಗ ಹೇಳಿದ, "ಹಿತ್ತಲ ಗೋಡಿ ಒಂದನ್ನ ಗುರುವಾರದ ತನಕ ತಡೀರಿ. ಮಿಕ್ಕದ್ದು ತೋಡ್ರಿ." ನನ್ನ ಕಿಟಕಿ ಮಾವನ ಸಫಾರ್ಯಾಗ ಸಿಕ್ಕೊಂಡಿತ್ತು.

ಅಪ್ಪ ಆ ಬಟ್ಟಿ ನೆಲಕ್ಕ ಹಾಸಿ ತಿರಗಿಸಿ ಮುರಗಿಸಿ ನೋಡಿದ. ಪ್ಯಾಂಟು ಬಂತು. ತೋಳು ಬಂದ್ವು. ಎದಿ ಬಂತು. ಹ್ಯಾಂಗ ಇಟ್ರೂ ತೂತು ಬೆನ್ನಿಗೇ ಬರ್ತಿತ್ತು. ಅಂಥಾ ಬಟ್ಟಿ ಸಿಂಧನೂರಾಗ ಸಿಗಲಿಲ್ಲ, ಬಳ್ಳಾರಿಗೆ ಹೋಗಿ ಬರೋವಷ್ಟು ಹೊತ್ತಿಲ್ಲ.

"ಬೆನ್ನ ಮ್ಯಾಲ ಒಂದು ಕಿಸೆ ಇಡಲೇನು?" ಅಂದ ಅಪ್ಪ.

"ಅದರಾಗ ಏನು ಇಡ್ಲಿ?" ಅಂದ ಮಾವ.

ನಾ ಕತ್ತರಿಸಿದ ತುಂಡು ಹುಡುಕಿದ್ರ, ಅದನ್ನ ಅಜ್ಜಿ ಬಿಸಿ ಗಡಿಗಿ ಇಳಸಾಕ ಹಿಡ್ಕೊಂಡು ಸುಟ್ಟುಬಿಟ್ಟಿದ್ಲು. ಕಡೀಕ ಶಾಲಿ ಹುಡುಗರ ಚಡ್ಡಿ ಹೊಲದು ಉಳದ ಖಾಕಿ ಬಟ್ಟಿ ತ್ಯಾಪಿ ಹಚ್ಚಿದ. ಕಂದು ಸಫಾರಿ, ಬೆನ್ನ ನಡುವ ಖಾಕಿ ಚೌಕ. ಮುಂದಿನಿಂದ ಮಾವ ಥೇಟ್ ಆಫೀಸರ್ ಕಂಡಂಗ ಕಾಣ್ತಿದ್ದ. ಹಿಂದಿನಿಂದ ಪಾರ್ಸಲ್ ಕಂಡಂಗ ಕಾಣ್ತಿದ್ದ.

ಅಪ್ಪ ಅಂವನ ಭುಜ ಹಿಡದು ಹೇಳಿ ಕಳಸಿದ, "ಏನರ ಆಗಲಿ, ಯಾರಿಗೂ ಬೆನ್ನು ತೋರಸಬ್ಯಾಡ."

ಮಸ್ಕಿಗೆ ಮಾವ, ಅವ್ವ, ನಾನು ಹೋದ್ವಿ. ಹೆಣ್ಣಿನೋರ ಮನ್ಯಾಗ ಮಾವ ಒಳಗ ಕಾಲಿಟ್ಟಾಂವನ ಗೋಡಿಗೆ ಬೆನ್ನು ಹಚ್ಚಿ ಕುಂತ. ಬ್ಯಾಸಗಿ, ಫ್ಯಾನ್ ಕೆಳಗ ಬರ್ರಿ ಅಂದ್ರ ಬರವಲ್ಲ. ಕೈ ತೊಳಿಯಾಕ ಎಬ್ಬಿಸಿದ್ರ ಏಡಿಗತೆ ಗೋಡಿ ಹಿಡ್ಕೊಂಡು ಅಡ್ಡಡ್ಡ ಹೋಗಿ, ಅಡ್ಡಡ್ಡ ಬಂದ. ಹುಡುಗಿ ಬಂದು ಕುಂತ್ಲು, ತಲಿ ಎತ್ತಲಿಲ್ಲ. ನಂಗ ಆಕಿ ಭಾಳ ಸೇರಿದ್ಲು. ಮಾವಗೂ ಸೇರಿದ್ಲು ಅಂತ ಕಾಣತೈತಿ, ಬೆವರು ಒರಸಿಕೊಳ್ಳೋದು ಮರತು ಕುಂತಿದ್ದ.

ಹೋಗಿ ಬರ್ತೀವಿ ಅನ್ನೋ ಹೊತ್ತು ಬಂತು. ಹಿರೇರೆಲ್ಲಾ ಬಾಗಲಕ್ಕ ಎದುರಿನ ಗೋಡಿಗೆ ಸಾಲಾಗಿ ಕುಂತಿದ್ರು. ಹೊರಗ ಹೋಗಬೇಕಂದ್ರ ಅವರಿಗೆ ಬೆನ್ನು ಮಾಡೇ ಹೋಗಬೇಕು. ಅವ್ವ ನನ್ನ ಕೈ ಹಿಚುಕಿದ್ಲು. ಮಾವ ಎದ್ದು, ಎರಡೂ ಕೈ ಮುಗದು, ಮಾರಿ ಅವರ ಕಡೀನ ಇಟ್ಟುಕೊಂಡು ಹಿಂದ ಹಿಂದ ನಡಿಯಾಕ ಶುರು ಮಾಡಿದ. ಒಂದು ತಂಬಿಗಿ ಉರುಳ್ತು. ನಿಲ್ಲಲಿಲ್ಲ. ಹೊಸ್ತಿಲನ್ನ ನೋಡದಾ, ಒಂದು ಕಾಲು ಹಿಂದ ಎತ್ತಿ, ತುಳೀದಂಗ ದಾಟಿಬಿಟ್ಟ. ಕಟ್ಟಿ ಇಳದ. ಬೀದಿ ತಿರುವು ಬರೋತನ ಹಂಗ ಕೈ ಮುಗದುಕೊಂಡೇ ಹೋದ.

ಹುಡುಗಿ ಅಜ್ಜ ಎದ್ದು ಬಾಗಲಕ್ಕ ಬಂದು ನೋಡಿದ. ಕಣ್ಣು ಒದ್ದಿ ಆಗಿದ್ವು. "ಗುಡ್ಯಾಗಿಂದ ದೇವರಿಗೆ ಬೆನ್ನು ಮಾಡದಾ ಬರ್ತಾರಲ್ಲ, ಹಂಗ ಹೊಂಟಾನ ನೋಡ್ರಲೇ. ಈಗಿನ ಹುಡುಗರಾಗ ಇಂಥಾ ಸಂಸ್ಕಾರ ಎಲ್ಲೈತಿ? ಹೆಣ್ಣು ಇವಂಗ ಕೊಡ್ರಿ."

ಸಿಂಧನೂರಿಗೆ ಬಂದು ಇಳದಾಂವನ ಮಾವ ಸೀದಾ ಚಾಚಾನ ಹತ್ರ ಹೋದ. "ಶೋಕೇಸ್ ಬ್ಯಾಡ. ಆ ಗೋಡಿಗೆ ಕಿಟಕಿ ಇಡ್ರಿ. ದೊಡ್ಡದ ಇಡ್ರಿ." ನನ್ನ ಕಡಿ ನೋಡಲಿಲ್ಲ, ಹೋಗ್ತಾ ತಲಿ ಮ್ಯಾಲ ಒಂದು ಮೊಟಕಿದ.

ಈಗ ಗೋಡಿ ಎದ್ದೈತಿ. ಸ್ಲ್ಯಾಬಿಗೆ ಇನ್ನೂ ಟೈಮ್ ಐತಿ, ಆದ್ರ ನನ್ನ ಕಿಟಕಿ ಕುಂತೈತಿ, ಕಟ್ಟಿನೂ ಆಗೇತಿ. ಕಾಲು ಚಾಚಿ ಕುಂದರಬಹುದು. ಓದು ಮಾತ್ರ ಒಂದು ಪುಟ ಮುಂದ ಹೋಗವಲ್ದು. ಯಾಕಂದ್ರ ಹೋದ ವಾರ ಹುಡುಗಿ ಅಜ್ಜ ಹೇಳಿ ಕಳಸ್ಯಾನ: ಆ ಸಫಾರಿ ಕಾಲಗುಣ ಭಾಳ ಛಲೋ ಐತಿ, ಮದುವಿ ದಿನಾನೂ ಅಳಿಯಾರು ಅದನ್ನ ಹಾಕ್ಕೊಂಡು ಬರ್ಲಿ ಅಂತ. ಅದಕ್ಕ ಮಾವ ರಜಾ ಹಾಕಿ ಬಂದು ನನ್ನ ಕಿಟಕಿ ಮುಂದನ, ಹಿತ್ತಲದಾಗ ದಿನಾ ಪ್ರಾಕ್ಟೀಸ್ ಮಾಡಾಕತ್ತಾನ. ಅಜ್ಜಿ ಹೆಣ್ಣಿನ ಜಾಗಾದಾಗ ನಿಂತು ಸೆರಗು ಹಿಡ್ಕೊಂಡಿರ್ತಾಳ, ಅಪ್ಪ ಮಂತ್ರ ಹೇಳ್ತಾನ, ಮಾವ ಹಿಂದ ಹಿಂದ ಸಪ್ತಪದಿ ತುಳೀತಾನ.